ಗಿಟಾರಿನ ಕಿವಿ: ಪಿಕಪ್ಪಿನ ಗುರುತು, ಪಿಕಪ್ಪಿನ ಆಯ್ಕೆ

ಕೆಲವು ವರ್ಷಗಳ ಹಿಂದೆ ಯುವಜನರ ಕಾರ್ಯಕ್ರಮವೊಂದರ ಮುದ್ರಣಕ್ಕೆಂದು ಕಾಲೇಜು ಹುಡುಗರ ವಾದ್ಯತಂಡವೊಂದು ನಮ್ಮ ಸ್ಟುಡಿಯೊಗೆ ಬಂದಿತ್ತು. ತಬಲಾ, ಕೊಳಲು, ಕೀಬೋರ್ಡ್ ಎಲ್ಲವೂ ಸರಿಯಾಗಿ ಕೇಳಿದವು. ಎಲೆಕ್ಟ್ರಿಕ್ ಗಿಟಾರಿನ ಸರದಿ ಬಂದಾಗ ಮಾತ್ರ, ಹುಡುಗ ತಂತಿ ಮುಟ್ಟುವ ಮೊದಲೇ, ದುಂಬಿಗಳ ಹಿಂಡು ಎದ್ದಂತೆ ಝೇಂಕಾರ ಹೊರಟಿತು. ಸ್ಟುಡಿಯೊದ ದೀಪಗಳನ್ನು ಡಿಮ್ಮರಿನಲ್ಲಿ ಅರ್ಧಕ್ಕೆ ಇಳಿಸಿದಾಗ ಅದು ಇನ್ನೂ ಜೋರಾಯಿತು. ಪೂರ್ತಿ ಆರಿಸಿದಾಗ ಬಹಳ ಮಟ್ಟಿಗೆ ಇಳಿಯಿತು. ಆದರೆ ಕತ್ತಲಲ್ಲಿ ದೂರದರ್ಶನ ಕಾರ್ಯಕ್ರಮ ಮಾಡುವುದು ಹೇಗೆ? ಹುಡುಗ ಸಂಕೋಚದಿಂದ ಹೇಳಿದ: "ಸರ್, ಪಿಕಪ್ ಬದಲಾಯಿಸು ಅಂತ ಎಲ್ಲರೂ ಹೇಳ್ತಾರೆ. ಆದರೆ ಈಗ ಇರೋದು ಯಾವುದು ಅಂತಾನೇ ಗೊತ್ತಿಲ್ಲ. ಅದರ ಬದಲಿಗೆ ಯಾವುದು ಹಾಕಿಸಲಿ?"

ಅವನ ಗಿಟಾರ್ ಸೆಕೆಂಡ್ ಹ್ಯಾಂಡ್. ಪಿಕಪ್ಪುಗಳ ಮೇಲೆ ಹೆಸರಿರಲಿಲ್ಲ. ಪ್ರಶ್ನೆ ಚಿಕ್ಕದಾಗಿ ಕಂಡರೂ ಅದಕ್ಕೆ ಉತ್ತರ ಕೊಡಲು ಸುಮಾರು ಒಂದು ಶತಮಾನದ ಚರಿತ್ರೆಯನ್ನು ತಿರುವಿ ಹಾಕಬೇಕಾಗುತ್ತದೆ. ಏಕೆಂದರೆ ಇಂದು ಅಂಗಡಿಯಲ್ಲಿ ಸಿಗುವ ಪ್ರತಿಯೊಂದು ಪಿಕಪ್ಪೂ ಹಿಂದಿನ ಯಾವುದೋ ಒಂದು ಪಿಕಪ್ಪಿನ ನಕಲು, ಇಲ್ಲವೇ ಅದರ ತಿದ್ದುಪಡಿ.

ಪಿಕಪ್ ಎಂದರೆ ಏನು? ತಂತಿಗಳ ಕೆಳಗೆ ಗಿಟಾರಿನ ಮೈಯಲ್ಲಿ ಕೂರಿಸಿರುವ ಒಂದು ಕಾಂತ, ಅದರ ಸುತ್ತ ತಲೆಗೂದಲಿಗಿಂತ ದಪ್ಪವಿಲ್ಲದ ತಾಮ್ರದ ತಂತಿಯ ಸಾವಿರಾರು ಸುತ್ತು. ಅಷ್ಟೇ. ಮೇಲಿನ ಉಕ್ಕಿನ ತಂತಿಯನ್ನು ಈ ಕಾಂತ ತಾನೇ ಒಂದು ಪುಟ್ಟ ಕಾಂತವನ್ನಾಗಿ ಮಾಡಿರುತ್ತದೆ. ಮೀಟಿದಾಗ ಉಕ್ಕಿನ ತಂತಿ ಅಲುಗುತ್ತದೆ, ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ, ಸುರುಳಿಯಲ್ಲಿ ಅದೇ ಲಯದ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು; ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಗ್ಯಾಲ್ವನೋಮೀಟರ್ ಚಿತ್ರದ ಪಕ್ಕದಲ್ಲಿರುವ ಅದೇ ಪಾಠ. ಆದ್ದರಿಂದ ಪಿಕಪ್ ಒಂದು ಮೈಕ್ ಅಲ್ಲ. ಅದಕ್ಕೆ ಗಾಳಿಯಲ್ಲಿ ಬರುವ ಶಬ್ದ ಬೇಕಿಲ್ಲ, ಉಕ್ಕಿನ ಚಲನೆ ಬೇಕು. ನೈಲಾನ್ ತಂತಿ ಕಟ್ಟಿದ ಗಿಟಾರಿಗೆ ಇಂಥ ಪಿಕಪ್ ಹಾಕಿದರೆ ಏನೂ ಕೇಳಿಸುವುದಿಲ್ಲ.

ಇದು ಏಕೆ ಬೇಕಾಯಿತು ಎಂಬುದಕ್ಕೆ ನಾವು 1920ರ ದಶಕದ ಅಮೆರಿಕಕ್ಕೆ ಹೋಗಬೇಕು. ನೃತ್ಯಶಾಲೆಗಳಲ್ಲಿ ಹಿತ್ತಾಳೆಯ ತುತ್ತೂರಿಗಳೂ ಡ್ರಮ್ಮುಗಳೂ ಅಬ್ಬರಿಸುತ್ತಿದ್ದಾಗ ಗಿಟಾರ್ ವಾದಕ ತನ್ನ ಕೈ ಆಡುವುದನ್ನು ತೋರಿಸಬಹುದಿತ್ತೇ ಹೊರತು ಕೇಳಿಸಲಾಗುತ್ತಿರಲಿಲ್ಲ. ಲಾಸ್ ಏಂಜಲೀಸಿನಲ್ಲಿದ್ದ ಹವಾಯಿಯನ್ ಗಿಟಾರ್ ವಾದಕ ಜಾರ್ಜ್ ಬೋಶಾಂ ಈ ಕಷ್ಟವನ್ನು ಸ್ವತಃ ಉಂಡವನು. ಎರಡು ಲಾಳಾಕಾರದ ಕಾಂತಗಳನ್ನು ತಂತಿಗಳ ಮೇಲೂ ಕೆಳಗೂ ಬಳಸುವಂತೆ ಜೋಡಿಸಿ, ನಡುವೆ ಸುರುಳಿಯಿಟ್ಟು, 1931ರಲ್ಲಿ ಮರದ ಮಾದರಿಯೊಂದನ್ನು ಆತ ಸಿದ್ಧಪಡಿಸಿದ. ಲೋಹದ ಕೆಲಸದಲ್ಲಿ ನುರಿತಿದ್ದ ಅಡಾಲ್ಫ್ ರಿಕೆನ್‌ಬ್ಯಾಕರ್ ಜೊತೆಗೂಡಿದ. ಮರುವರ್ಷ ಅಲ್ಯೂಮಿನಿಯಮ್ ಎರಕದ ವಾದ್ಯ ಮಾರುಕಟ್ಟೆಗೆ ಬಂತು. ಗುಂಡನೆಯ ಮೈ, ಉದ್ದನೆಯ ಕೊರಳು. ಜನ ಅದನ್ನು 'ಫ್ರೈಯಿಂಗ್ ಪ್ಯಾನ್' ಎಂದೇ ಕರೆದರು. ನಮ್ಮಲ್ಲಾಗಿದ್ದರೆ ಬಾಣಲೆ ಎನ್ನುತ್ತಿದ್ದರೇನೋ. ವೇದಿಕೆಯ ದೀಪದ ಶಾಖಕ್ಕೆ ಅಲ್ಯೂಮಿನಿಯಮ್ ಹಿಗ್ಗಿ ಶ್ರುತಿ ಕೆಡುತ್ತಿತ್ತು ಎಂಬುದು ಬೇರೆ ಮಾತು.

ಪೇಟೆಂಟ್ ಕಚೇರಿಯ ಪರಿಶೀಲಕರಿಗೆ ಈ ವಸ್ತು ನಿಜಕ್ಕೂ ನುಡಿಯುತ್ತದೆಯೇ ಎಂಬ ಅನುಮಾನವಿತ್ತು. ಸೋಲ್ ಹೂಪಿಯಿ ಮೊದಲಾದ ವಾದಕರನ್ನು ವಾಷಿಂಗ್ಟನ್ನಿಗೆ ಕಳುಹಿಸಿ ಪರಿಶೀಲಕರ ಎದುರಿಗೇ ನುಡಿಸಿ ತೋರಿಸಬೇಕಾಯಿತು. ಪೇಟೆಂಟ್ ಕೈಗೆ ಬಂದದ್ದು 1937ರಲ್ಲಿ. ಅಷ್ಟರಲ್ಲಿ ಊರೆಲ್ಲ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಿತ್ತು! ಗಿಬ್ಸನ್ ಕಂಪನಿ 1936ರಲ್ಲೇ ತನ್ನ ಇ.ಎಸ್.-150 ಮಾದರಿಯನ್ನು ಹೊರತಂದಿತ್ತು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ, ಗಿಟಾರನ್ನು ತಾಳ ಹಾಕುವ ಕೆಲಸದಿಂದ ಬಿಡಿಸಿ, ತುತ್ತೂರಿಯ ಸಮಕ್ಕೆ ನಿಂತು ಹಾಡುವಂತೆ ಮಾಡಿದ. 1942ರಲ್ಲಿ, ಕೇವಲ 25ನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಇ.ಎಸ್.-150ರ ಪಿಕಪ್ಪನ್ನು ಇಂದಿಗೂ 'ಚಾರ್ಲಿ ಕ್ರಿಶ್ಚಿಯನ್ ಪಿಕಪ್' ಎಂದೇ ಕರೆಯುತ್ತಾರೆ. ಮಾಡಿದವನ ಹೆಸರು ಹೋಗಿ ನುಡಿಸಿದವನ ಹೆಸರು ಉಳಿಯಿತು.

ಮುಂದಿನ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಅಂಗಡಿಯಲ್ಲಿ ಇವು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಒಂದು, ಗಿಬ್ಸನ್ 1946ರಲ್ಲಿ ತಂದ ಪಿ-90: ಅಗಲವಾದ ಒಂಟಿ ಸುರುಳಿ, ಅಡಿಯಲ್ಲಿ ಎರಡು ಕಾಂತದ ಪಟ್ಟಿ, ತುಂಬು ಕಂಠ. ಇನ್ನೊಂದು, ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರನ ಪಿಕಪ್: ಅಲ್ಯೂಮಿನಿಯಮ್, ನಿಕಲ್, ಕೋಬಾಲ್ಟ್ ಕೂಡಿದ ಆಲ್ನಿಕೊ ಮಿಶ್ರಲೋಹದ ಆರು ಸರಳುಗಳು, ಅವುಗಳ ಸುತ್ತಲೇ ಸುತ್ತಿದ ಎತ್ತರದ, ಕಿರಿದಾದ ಸುರುಳಿ. ಇದರ ಸ್ವರ ತೆಳು, ಸ್ಪಷ್ಟ, ಗಾಜಿನಂತೆ ಹೊಳಪು. 1951ರಿಂದ ಟೆಲಿಕಾಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾದ ಗಿಟಾರಿನಲ್ಲಿ ಇಂಥವು ಎರಡು, 1954ರ ಸ್ಟ್ರ್ಯಾಟೊಕಾಸ್ಟರಿನಲ್ಲಿ ಮೂರು.

ಈ ಎಲ್ಲಕ್ಕೂ ಒಂದೇ ರೋಗ. ಸುರುಳಿ ಎಂದರೆ ಸುರುಳಿಯೇ. ಉಕ್ಕಿನ ತಂತಿಯಿಂದ ಬರುವ ಕಾಂತೀಯ ಏರಿಳಿತ ಯಾವುದು, ಪಕ್ಕದ ಟ್ರಾನ್ಸ್‌ಫಾರ್ಮರಿನಿಂದ ಬರುವುದು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಅಮೆರಿಕದಲ್ಲಿ 60, ನಮ್ಮಲ್ಲಿ 50 ಆವರ್ತನದ ವಿದ್ಯುತ್ತು ಗೋಡೆಗೋಡೆಯಲ್ಲೂ ಹರಿಯುತ್ತಿದೆ. ನಮ್ಮ ಡಿಮ್ಮರುಗಳಂತೂ ಆ ಅಲೆಯನ್ನು ನಡುನಡುವೆ ಕತ್ತರಿಸಿ ಅದಕ್ಕೆ ಚೂಪು ಅಂಚು ಮೂಡಿಸುತ್ತವೆ. ಹುಡುಗನ ಗಿಟಾರ್ ನುಡಿಸುತ್ತಿದ್ದದ್ದು ನಮ್ಮದೇ ದೀಪಗಳ ಸಂಗೀತವನ್ನು.

ಮದ್ದು ಕಂಡುಹಿಡಿದವನು ಗಿಬ್ಸನ್ ಕಂಪನಿಯ ಕಲಾಮಜೂ ಕಾರ್ಖಾನೆಯಲ್ಲಿ ಆಂಪ್ಲಿಫೈಯರ್‌ಗಳ ಕೆಲಸ ಮಾಡುತ್ತಿದ್ದ ಸೆತ್ ಲವರ್. ಆಂಪ್ಲಿಫೈಯರಿನೊಳಗೆ ಗುಂಯ್‌ಗುಡುವಿಕೆ ತಡೆಯಲು ಜೋಡಿ ಸುರುಳಿ ಬಳಸಿದ್ದ ಆತನಿಗೆ, ಅದನ್ನೇ ಪಿಕಪ್ಪಿನಲ್ಲಿ ಏಕೆ ಮಾಡಬಾರದು ಎನಿಸಿತು. ಉಪಾಯ ಬಹಳ ಸೊಗಸಾದದ್ದು, ಕಾಗದದ ಮೇಲೆ ಬರೆದು ನೋಡಿ. ಪಕ್ಕಪಕ್ಕದಲ್ಲಿ ಎರಡು ಸುರುಳಿ. ಎರಡನೆಯದರ ಸುತ್ತು ಮೊದಲನೆಯದಕ್ಕೆ ವಿರುದ್ಧ. ಹೊರಗಿನ ಗುಂಯ್ ಎರಡರಲ್ಲೂ ಸಮನಾಗಿ, ಆದರೆ ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣ, ಕೂಡಿದರೆ ಸೊನ್ನೆ. ಹಾಗಾದರೆ ಸಂಗೀತವೂ ಸೊನ್ನೆಯಾಗಬೇಕಲ್ಲ? ಇಲ್ಲ. ಲವರ್ ಎರಡನೆಯ ಸುರುಳಿಯ ಕಾಂತಧ್ರುವವನ್ನೂ ತಿರುಗಿಸಿಟ್ಟಿದ್ದ. ಋಣದ ಋಣ ಧನವಾಯಿತು; ಉಕ್ಕಿನ ತಂತಿಯ ಸ್ವರ ಇಮ್ಮಡಿಸಿತು. 1955ರಲ್ಲಿ ಪೇಟೆಂಟಿಗೆ ಅರ್ಜಿ, 1959ರಲ್ಲಿ ಮಂಜೂರು. ಗ್ರೆಚ್ ಕಂಪನಿಯ ಗಿಟಾರುಗಳಿಗಾಗಿ ರೇ ಬಟ್ಸ್ ಎಂಬಾತ ಸ್ವತಂತ್ರವಾಗಿ ಇದೇ ಉಪಾಯ ಹೂಡಿದ್ದ, ಅವನಿಗೂ ಅದೇ ವರ್ಷ ಪೇಟೆಂಟ್ ಸಿಕ್ಕಿತು. ಗುಂಯ್‌ಗುಡುವುದನ್ನು ಅಡಗಿಸುವ ಈ ಜಾತಿಗೆ 'ಹಂಬಕರ್' ಎಂಬ ಹೆಸರು ನಿಂತಿತು.

ಇಲ್ಲಿಂದ ಗುರುತಿನ ಕಥೆ ಶುರು. ಪೇಟೆಂಟ್ ಬಾಕಿ ಇದ್ದಾಗ ಗಿಬ್ಸನ್ ಈ ಪಿಕಪ್ಪುಗಳ ಬೆನ್ನಿಗೆ 'ಪೇಟೆಂಟಿಗೆ ಅರ್ಜಿ ಹಾಕಲಾಗಿದೆ' ಎಂಬ ಪುಟ್ಟ ಕಪ್ಪು ಚೀಟಿ ಅಂಟಿಸುತ್ತಿತ್ತು. ಆ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಇವು 'ಪಿ.ಎ.ಎಫ್.' ಆದವು. ಇಂದು ಈ ಚೀಟಿಯಿರುವ ಹಳೆಯ ಪಿಕಪ್ಪಿಗೆ ಒಂದು ಒಳ್ಳೆಯ ಹೊಸ ಗಿಟಾರಿನ ಬೆಲೆಗಿಂತ ಹೆಚ್ಚು ಕೊಡುವವರಿದ್ದಾರೆ. ಆದ್ದರಿಂದಲೇ ಚೀಟಿಯನ್ನು ನಕಲು ಮಾಡುವವರೂ ಇದ್ದಾರೆ. 1960ರ ದಶಕದ ಆರಂಭದಲ್ಲಿ ಚೀಟಿಯ ಮೇಲೆ ಪೇಟೆಂಟ್ ಸಂಖ್ಯೆ ಬಂತು: 2737842. ತಮಾಷೆ ನೋಡಿ, ಅದು ಪಿಕಪ್ಪಿನ ಪೇಟೆಂಟೇ ಅಲ್ಲ. ಲವರನ ಪೇಟೆಂಟಿನ ಸಂಖ್ಯೆ 2896491. ಚೀಟಿಯ ಮೇಲಿನದು ಲೆಸ್ ಪಾಲ್ ಪಡೆದಿದ್ದ, ತಂತಿಗಳನ್ನು ಹಿಡಿಯುವ ಲೋಹದ ಭಾಗದ ಪೇಟೆಂಟ್. ಪಿಕಪ್ಪಿನ ಗುಟ್ಟು ತಿಳಿಯಲೆಂದು ಆ ಸಂಖ್ಯೆಯ ಕಾಗದ ತರಿಸಿಕೊಂಡವನಿಗೆ ಸಿಗುತ್ತಿದ್ದದ್ದು ಬೇರೇನೋ ಚಿತ್ರ.

ಹಾಗಾದರೆ ಅಸಲಿ ಪಿ.ಎ.ಎಫ್. ಸ್ವರ ಎಂದರೆ ಯಾವುದು? ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯದ ಪ್ರಶ್ನೆ ಇದೇ. ಆ ಕಾಲದ ಸುತ್ತುವ ಯಂತ್ರಗಳು ನಿಗದಿತ ಸಂಖ್ಯೆ ಮುಟ್ಟಿದೊಡನೆ ತಾವಾಗಿ ನಿಲ್ಲುತ್ತಿರಲಿಲ್ಲ. ಸುಮಾರು ಐದು ಸಾವಿರ ಸುತ್ತು ಎಂಬುದು ಲೆಕ್ಕ. ಬಾಬಿನ್ ತುಂಬಿದಂತೆ ಕಂಡಾಗ ಕೆಲಸಗಾರರು ಯಂತ್ರ ನಿಲ್ಲಿಸುತ್ತಿದ್ದರು. ಒಂದೇ ಪಿಕಪ್ಪಿನ ಎರಡು ಸುರುಳಿಗಳೇ ಸಮನಾಗಿರುತ್ತಿರಲಿಲ್ಲ. ಕಾಂತವೂ ಅಷ್ಟೇ: ಆಲ್ನಿಕೊದ ಎರಡು, ಮೂರು, ನಾಲ್ಕು, ಐದನೆಯ ದರ್ಜೆಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ಬಾಬಿನ್‌ಗೆ ಕಪ್ಪು ಪ್ಲಾಸ್ಟಿಕ್ ಸಿಗದಾದಾಗ ಕೆನೆಬಣ್ಣದ್ದು ಬಂತು. ಒಂದು ಕಪ್ಪು ಒಂದು ಕೆನೆಬಣ್ಣ ಇದ್ದದ್ದಕ್ಕೆ 'ಜೀಬ್ರಾ' ಎಂಬ ಹೆಸರು, ಈಗ ಹೆಚ್ಚು ಬೆಲೆ ಕೂಡ. ಬಣ್ಣಕ್ಕೂ ಸ್ವರಕ್ಕೂ ಸಂಬಂಧವಿಲ್ಲವೆಂದು ವಿಜ್ಞಾನದ ವಿದ್ಯಾರ್ಥಿಗೆ ಹೇಳಬೇಕಾಗಿಲ್ಲ. ಹೀಗೆ ಒಂದೇ ಚೀಟಿಯ ಕೆಳಗೆ ನೂರು ಬಗೆಯ ಸ್ವರಗಳಿದ್ದವು. ಇಂದಿನ ತಯಾರಕರು ಕಂಪ್ಯೂಟರ್ ಹಿಡಿದು 'ನಿಖರವಾದ ಪಿ.ಎ.ಎಫ್.' ಎಂದು ಮಾರುವಾಗ ಅವರು ನಕಲು ಮಾಡುತ್ತಿರುವುದು ಆ ನೂರರಲ್ಲಿ ಯಾವುದೋ ಒಂದನ್ನು.

ಫೆಂಡರ್ ಕಾರ್ಖಾನೆಯದೂ ಇದೇ ಕಥೆ. ಅಲ್ಲಿ ತಂತಿಯನ್ನು ಬೆರಳುಗಳಿಂದ ನಡೆಸುತ್ತಾ ಸುತ್ತುತ್ತಿದ್ದವರು ಹೆಚ್ಚಾಗಿ ಹೆಂಗಸರು. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೈಲ್ ಇಬಾರ್ರಾ 2013ರಲ್ಲಿ ನಿವೃತ್ತರಾಗುವ ವೇಳೆಗೆ, ಅವರ ಸಹಿಯಿರುವ ಪಿಕಪ್ಪಿಗಾಗಿ ಜಗತ್ತಿನಾದ್ಯಂತ ವಾದಕರು ಕಾಯುತ್ತಿದ್ದರು. ಮೊದಲ ದಶಕಗಳಲ್ಲಿ ಅವರ ಹೆಸರು ಕಾರ್ಖಾನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಒಳಗಿನ ಪಿಕಪ್ ಕಿತ್ತು ಬೇರೆ ಹಾಕುವ ಯೋಚನೆ 1970ರ ದಶಕದ್ದು. ಅದಕ್ಕೂ ಮೊದಲು ಪಿಕಪ್ ಸತ್ತರೆ ರಿಪೇರಿಯವನು ಮತ್ತೆ ಸುತ್ತಿ ಕೊಡುತ್ತಿದ್ದ. ರಿಪೇರಿಯವರು ಕೆಲವೊಮ್ಮೆ ತಪ್ಪುತ್ತಿದ್ದರು, ಆ ತಪ್ಪೂ ಚರಿತ್ರೆಯಾಗುತ್ತಿತ್ತು. ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ನುಡಿಸುತ್ತಿದ್ದ ಗಿಟಾರಿನ ಒಂದು ಪಿಕಪ್ಪಿನಲ್ಲಿ ಕಾಂತ ತಿರುಗುಮುರುಗಾಗಿ ಕುಳಿತಿತ್ತು. ಎರಡೂ ಪಿಕಪ್ಪುಗಳನ್ನು ಒಟ್ಟಿಗೆ ಹಾಕಿದಾಗ ಸ್ವರಗಳು ಒಂದನ್ನೊಂದು ಭಾಗಶಃ ಅಳಿಸಿ, ಟೊಳ್ಳಾದ, ಮೂಗಿನಲ್ಲಿ ಹಾಡಿದಂಥ ಒಂದು ವಿಷಾದದ ದನಿ ಬರುತ್ತಿತ್ತು. ಜನ ಅದನ್ನೇ ಮೆಚ್ಚಿದರು. ಇಂದು ದುಡ್ಡು ಕೊಟ್ಟು ಹಾಗೆ ಕೆಡಿಸಿಕೊಳ್ಳುವವರಿದ್ದಾರೆ.

ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೊ, ಬದಲಿಗೆ ಹಾಕುವುದಕ್ಕೆಂದೇ 'ಸೂಪರ್ ಡಿಸ್ಟಾರ್ಶನ್' ಎಂಬ ಹಂಬಕರ್ ತಯಾರಿಸಿದ್ದು 1970ರ ದಶಕದ ಆರಂಭದಲ್ಲಿ: ಸೆರಾಮಿಕ್ ಕಾಂತ, ಹೆಚ್ಚು ಸುತ್ತು, ಆಂಪ್ಲಿಫೈಯರನ್ನು ಒಡೆದು ಗರ್ಜಿಸುವಂತೆ ಮಾಡುವಷ್ಟು ಬಲ. ರಾಕ್ ಸಂಗೀತ ಆಗ ಕೇಳುತ್ತಿದ್ದದ್ದೇ ಅದನ್ನು. ಎರಡೂ ಬಾಬಿನ್ ಕೆನೆಬಣ್ಣವಿರುವ ರೂಪವನ್ನು ಅವನ ಕಂಪನಿ ತನ್ನ ವಾಣಿಜ್ಯಚಿಹ್ನೆಯಾಗಿ ನೋಂದಾಯಿಸಿಕೊಂಡಿತು. ಇನ್ನೊಬ್ಬ ಸೀಮೋರ್ ಡಂಕನ್; ಲಂಡನ್ನಿನಲ್ಲಿ ರಿಪೇರಿ ಕೆಲಸ ಮಾಡುತ್ತಾ ಜೆಫ್ ಬೆಕ್‌ಗೆ ಟೆಲಿಕಾಸ್ಟರೊಂದರಲ್ಲಿ ಹಳೆಯ ಹಂಬಕರ್‌ಗಳನ್ನು ಮತ್ತೆ ಸುತ್ತಿ ಕೂರಿಸಿಕೊಟ್ಟವನು, 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಕಟ್ಟಿದ. ಅಲ್ಲಿಗೆ ಪಿಕಪ್ ಎಂಬುದು ಗಿಟಾರಿನ ಅಂಗವಾಗಿದ್ದದ್ದು ಬಿಡಿಭಾಗವಾಯಿತು.

ಈಗ ಹುಡುಗನ ಮೊದಲ ಪ್ರಶ್ನೆಗೆ ಬರೋಣ. ಇರುವುದು ಯಾವುದು ಎಂದು ತಿಳಿಯುವುದು ಹೇಗೆ?

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಸೆತ್ ಲವರ್ 1967ರಲ್ಲಿ ಗಿಬ್ಸನ್ ಬಿಟ್ಟು ಫೆಂಡರ್ ಸೇರಿ, 'ವೈಡ್ ರೇಂಜ್' ಎಂಬ ಬೇರೆ ಹಂಬಕರ್ ರಚಿಸಿದ. ಅದರಲ್ಲಿ ತಾಮ್ರ, ನಿಕಲ್, ಕಬ್ಬಿಣ ಕೂಡಿದ ಮಿಶ್ರಲೋಹದ ತಿರುಪುಗಳೇ ಕಾಂತಗಳು. ಆ ಲೋಹ ಸಿಗುವುದು ದುರ್ಲಭವಾದ ಮೇಲೆ, ಮರುತಯಾರಿಕೆಯ ಗಿಟಾರುಗಳಲ್ಲಿ ಅದೇ ಹೊರಮುಚ್ಚಳದ ಕೆಳಗೆ ಸಾಮಾನ್ಯ ಹಂಬಕರನ್ನು ಇಟ್ಟರು. ಮೇಲಿನಿಂದ ನೋಡಿದರೆ ಎರಡೂ ಒಂದೇ. ಆದ್ದರಿಂದ ಬಿಚ್ಚಿ ಬೆನ್ನು ನೋಡಬೇಕು. ಆಲ್ನಿಕೊ ಸರಳುಗಳು ತಳದವರೆಗೂ ಬಂದಿವೆಯೇ, ಅಥವಾ ಬರಿಯ ಕಬ್ಬಿಣದ ತುಂಡುಗಳ ಅಡಿಗೆ ಸೆರಾಮಿಕ್ ಪಟ್ಟಿ ಅಂಟಿಸಿದೆಯೇ? ತಳದ ಹಲಗೆಯ ಮೇಲೆ ಮುದ್ರೆ, ಪೆನ್ಸಿಲ್ಲಿನ ತಾರೀಕು ಇವೆಯೇ? ಹೊರಬರುವ ವೈರು ಎರಡೇ, ನಾಲ್ಕೇ? ವೈರುಗಳ ಬಣ್ಣದ ಸಂಕೇತ ಒಂದೊಂದು ಕಂಪನಿಗೆ ಒಂದೊಂದು. ಒಬ್ಬರ ಕೆಂಪು ಇನ್ನೊಬ್ಬರ ಕೆಂಪಲ್ಲ.

ಆಮೇಲೆ ಮಲ್ಟಿಮೀಟರ್. ಸ್ಟ್ರ್ಯಾಟೊಕಾಸ್ಟರ್ ಜಾತಿಯ ಸುರುಳಿಯ ರೋಧ ಸಾಮಾನ್ಯವಾಗಿ 6 ಕಿಲೋ ಓಮ್ ಆಸುಪಾಸು, ಪಿ.ಎ.ಎಫ್. ಜಾತಿಯದು 7ರಿಂದ 9, ಸೂಪರ್ ಡಿಸ್ಟಾರ್ಶನ್ನಿನದು ಸುಮಾರು 13. ಮೀಟರು ಅನಂತ ತೋರಿಸಿದರೆ ಸುರುಳಿ ಎಲ್ಲೋ ಕಡಿದಿದೆ. ಆದರೆ ಒಂದು ಎಚ್ಚರಿಕೆ. ಅಂಗಡಿಯವರು 'ಓಮ್ ಹೆಚ್ಚಾದಷ್ಟೂ ಬಲ ಹೆಚ್ಚು' ಎನ್ನುವುದುಂಟು, ಅದು ಅರ್ಧ ಸತ್ಯ. ಡಂಕನ್ ಕಂಪನಿಯ ಜೆ.ಬಿ. ಎಂಬ ಹೆಸರಾಂತ ಮಾದರಿ ಸುಮಾರು 16 ಕಿಲೋ ಓಮ್ ತೋರಿಸುತ್ತದೆ, ಆದರೆ ಅದು ಪಿ.ಎ.ಎಫ್.ನ ಎರಡು ಪಟ್ಟು ಬಲದ್ದಲ್ಲ. ಅದರ ತಂತಿಯೇ ಹೆಚ್ಚು ಸಣ್ಣದು. ಹಳೆಯ ಪಿಕಪ್ಪುಗಳ 42ನೆಯ ಗೇಜಿನ ತಂತಿ ಸುಮಾರು 0.063 ಮಿ.ಮೀ., ಇದರ 44ನೆಯ ಗೇಜಿನದು ಸುಮಾರು 0.05 ಮಿ.ಮೀ. ಅಷ್ಟೇ ಉದ್ದಕ್ಕೆ ಸಣ್ಣ ತಂತಿಯ ರೋಧ ಒಂದೂವರೆ ಪಟ್ಟಿಗೂ ಹೆಚ್ಚು. ಇನ್ನು ಹವೆಯ ಪ್ರಭಾವವಿದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ. ಧಾರವಾಡದ ಮಳೆಗಾಲದಲ್ಲಿ 22 ಡಿಗ್ರಿಯಲ್ಲಿ 8 ಕಿಲೋ ಓಮ್ ತೋರಿದ ಪಿಕಪ್, ಕಲಬುರಗಿಯ ಬೇಸಿಗೆಯ 42 ಡಿಗ್ರಿಯಲ್ಲಿ 8.6 ತೋರುತ್ತದೆ. ದಶಮಾಂಶ ನೋಡಿ ಜಾತಿ ಹೇಳುವವರು ಉಷ್ಣಮಾಪಕವನ್ನೂ ಇಟ್ಟುಕೊಳ್ಳಬೇಕು.

ಆಯ್ಕೆಯ ವಿಷಯದಲ್ಲಿ ನನ್ನ ಮೊದಲ ಸಲಹೆ ಏನನ್ನೂ ಕೊಳ್ಳಬೇಡಿ ಎಂಬುದು. ಮೊದಲು ತಿರುಪಿನಿಂದ ಪಿಕಪ್ಪಿನ ಎತ್ತರ ಇಳಿಸಿ ನೋಡಿ. ಕಾಂತ ಬಲವಾಗಿದ್ದು ತೀರ ಹತ್ತಿರವಿದ್ದರೆ ಉಕ್ಕಿನ ತಂತಿಯನ್ನು ಸೆಳೆದು ಅದರ ಕಂಪನವನ್ನೇ ಕೆಡಿಸುತ್ತದೆ, ಶ್ರುತಿ ಒಡೆದಂತೆ ಕೇಳುತ್ತದೆ. ಎಷ್ಟೋ ಒಳ್ಳೆಯ ಪಿಕಪ್ಪುಗಳು ಈ ತಪ್ಪಿಗಾಗಿ ಕಸದ ಬುಟ್ಟಿ ಸೇರಿವೆ. ಆಮೇಲೂ ಬದಲಿಸಬೇಕೆಂದರೆ ಅಳತೆ ನೋಡಿ: ವೀಣೆಯವರು ಕುದುರೆ ಎನ್ನುತ್ತಾರಲ್ಲ, ಅದರ ಬಳಿ ಫೆಂಡರ್ ಮಾದರಿಯ ಗಿಟಾರಿನ ಮೊದಲ ಮತ್ತು ಆರನೆಯ ತಂತಿಗಳ ಅಂತರ ಗಿಬ್ಸನ್ ಮಾದರಿಗಿಂತ ಒಂದೆರಡು ಮಿ.ಮೀ. ಹೆಚ್ಚು. ಸ್ವರದ ಗುಂಡಿಗಳಿಗೆ ಹಾಕುವ ಪೊಟೆನ್ಶಿಯೋಮೀಟರ್ ರೂಢಿಯಲ್ಲಿ ಒಂಟಿ ಸುರುಳಿಗೆ 250, ಹಂಬಕರಿಗೆ 500 ಕಿಲೋ ಓಮ್. ಅದು ಕಡಿಮೆಯಾದರೆ ಸ್ವರದ ಹೊಳಪು ಕುಗ್ಗುತ್ತದೆ. ಉಳಿದದ್ದು ನೀವು ನುಡಿಸುವ ಸಂಗೀತಕ್ಕೆ ಬಿಟ್ಟದ್ದು. ನಮ್ಮ ಯು. ಶ್ರೀನಿವಾಸ್ ತಮ್ಮ ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ಪಿಕಪ್ಪಿನಿಂದ ಬಯಸಿದ್ದು ಗರ್ಜನೆಯನ್ನಲ್ಲ. ಬೇಗ ಆರಿಹೋಗುವ ಮ್ಯಾಂಡೊಲಿನ್ ಸ್ವರ ಗಮಕ ಮುಗಿಯುವವರೆಗೆ ನಿಲ್ಲಬೇಕಿತ್ತು, ಅಷ್ಟೇ.

ಹುಡುಗನ ಗಿಟಾರನ್ನು ನಮ್ಮ ಧ್ವನಿ ವಿಭಾಗದ ಬೆಂಚಿನ ಮೇಲೆಯೇ ಬಿಚ್ಚಿದೆವು. ಮೂರೂ ಅಗ್ಗದ ಸೆರಾಮಿಕ್ ಜಾತಿಯವು. ಕುದುರೆಯ ಬಳಿಯದು ಅನಂತ ತೋರಿಸಿತು. ಬೆಸುಗೆಯ ತುದಿಯಲ್ಲಿ ತಂತಿ ಹಸಿರುಗಟ್ಟಿ ಕಡಿದಿತ್ತು. ಉಳಿದೆರಡಕ್ಕೆ ಏನೂ ಆಗಿರಲಿಲ್ಲ. "ಮೂರನ್ನೂ ಯಾಕಪ್ಪ ಬದಲಾಯಿಸ್ತೀಯ? ಒಂದು ಸಾಕು" ಎಂದೆ. ಎರಡು ವಾರದ ನಂತರ ಹೊಸ ಆಲ್ನಿಕೊ ಪಿಕಪ್ ಹಾಕಿಸಿಕೊಂಡು ಬಂದ, ಮುಖ ಬಾಡಿತ್ತು. ಒಂಟಿಯಾಗಿ ಚೆನ್ನಾಗಿದೆ, ನಡುವಿನದರ ಜೊತೆ ಸೇರಿಸಿದರೆ ಪೀಟರ್ ಗ್ರೀನನ ಟೊಳ್ಳು ದನಿ! ದಿಕ್ಸೂಚಿ ಹಿಡಿದು ನೋಡಿದೆವು. ಹೊಸದರ ಮೇಲ್ತುದಿ ಉತ್ತರ ಧ್ರುವ, ನಡುವಿನದು ದಕ್ಷಿಣ. ಧ್ರುವ ವಿರುದ್ಧ, ಸುತ್ತು ಒಂದೇ ದಿಕ್ಕು. ಹೊಸ ಪಿಕಪ್ಪಿನ ಎರಡು ವೈರುಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದ್ದೇ ತಡ, ಸ್ವರ ತುಂಬಿಕೊಂಡಿತು. ಅದರ ಜೊತೆಗೆ, ಆ ಎರಡು ಒಟ್ಟಿಗಿದ್ದಾಗ ಝೇಂಕಾರವೂ ಅಡಗಿತು. ಸೆತ್ ಲವರ್ ಒಂದೇ ಡಬ್ಬಿಯೊಳಗೆ ಮಾಡಿದ್ದು ಇಲ್ಲಿ ಎರಡು ಡಬ್ಬಿಗಳ ನಡುವೆ ಆಗಿತ್ತು.

ಒಂಟಿ ಪಿಕಪ್ಪಿನಲ್ಲಿ ನುಡಿಸುವಾಗ ಮಾತ್ರ ಝೇಂಕಾರ ಹಾಗೇ ಉಳಿಯಿತು. ಮುದ್ರಣದ ದಿನ ಅವನನ್ನು ಕುರ್ಚಿಯ ಸಮೇತ ನಿಧಾನವಾಗಿ ತಿರುಗಿಸುತ್ತಾ ಹೋದೆವು. ಸುರುಳಿ ಆ ಕಾಂತಕ್ಷೇತ್ರಕ್ಕೆ ಓರೆಯಾಗಿ ನಿಂತ ಒಂದು ಕೋನದಲ್ಲಿ ದುಂಬಿಗಳು ಸುಮ್ಮನಾದವು. ಫ್ಲೋರ್ ಸಹಾಯಕ ಕುರ್ಚಿಯ ನಾಲ್ಕು ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಕ್ಯಾಮೆರಾಗಳನ್ನು ನಾವು ಅದಕ್ಕೆ ತಕ್ಕಂತೆ ಸರಿಸಿಕೊಂಡೆವು.